ರೋಟರ್‌ಡ್ಯಾಮಿನಲ್ಲಿ ಮೂರರಲ್ಲೊಂದು ಪಾಲು

ಕರೆಗಂಟೆ ಒತ್ತಿದೆವು. ಬಾಗಿಲು ತೆರೆದುಕೊಂಡಿತು, ಆದರೆ ಅದರ ಹಿಂದೆ ಯಾರೂ ಇರಲಿಲ್ಲ. ಎದುರಿಗೆ ಕಡಿದಾದ ಮರದ ಮೆಟ್ಟಿಲು. ಪಕ್ಕದ ಗೋಡೆಗುಂಟ ಕಬ್ಬಿಣದ ಬಳೆಗಳೊಳಗಿಂದ ಇಳಿದುಬಂದ ಹಗ್ಗವೊಂದು ಬಾಗಿಲಿನ ಚಿಲಕಕ್ಕೆ ಬಿಗಿದುಕೊಂಡಿತ್ತು. ಇನ್ನೊಂದು ತುದಿ ಮೊದಲ ಮಹಡಿಯಲ್ಲಿ ನಿಂತ ಒಬ್ಬ ವೃದ್ಧೆಯ ಕೈಯಲ್ಲಿತ್ತು. ಮನೆ ನೋಡಲು ಬಂದವರಿಗೆಲ್ಲ ಬೆಳಗಿನಿಂದ ಹಗ್ಗ ಎಳೆದು ಎಳೆದು ಆಕೆಗೆ ಸಾಕಾಗಿತ್ತು. "ಎರಡನೆಯ ಮಹಡಿ, ಹತ್ತಿ" ಎಂದು ಡಚ್ಚಿನಲ್ಲಿ ಹೇಳಿ, ನಮ್ಮ ಮುಖ ಕಂಡ ಮೇಲೆ ಹಿಂದಿಯಂತೆ ಕೇಳಿಸುವ, ಆದರೆ ಹಿಂದಿಯಲ್ಲದ ಭಾಷೆಯಲ್ಲಿ ಏನೋ ಕೇಳಿದರು. ನನಗೂ ಹೆಂಡತಿಗೂ ಅರ್ಥವಾಗಲಿಲ್ಲ. ಮೂವರೂ ನಕ್ಕೆವು.

ಅದು 2024ರ ಆಗಸ್ಟ್. ನಾವು ನೋಡುತ್ತಿದ್ದ ಹದಿನಾಲ್ಕನೆಯ ಮನೆ. ಅದಕ್ಕೆ ಮೊದಲು ನಾಲ್ಕು ಮನೆಗಳಿಗೆ ಬೆಲೆ ಕೂಗಿ ಸೋತಿದ್ದೆವು.

ಐದು ವರ್ಷ ನದಿಯ ದಕ್ಷಿಣ ದಂಡೆಯ ಹೊಸ ಗೋಪುರವೊಂದರ ಹದಿನೇಳನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಲಿಫ್ಟಿನಲ್ಲಿ ಸಿಕ್ಕವರೆಲ್ಲ ಮೊಬೈಲಿಗೇ ನಮಸ್ಕಾರ ಹೇಳುವವರು. ಕೊಳ್ಳುವುದಾದರೆ ಬೀದಿ ಇರುವ ಕಡೆ ಕೊಳ್ಳೋಣ ಎಂದು ಹಟ ಹಿಡಿದವಳು ಹೆಂಡತಿ. ಹಾಗೆ ನಗರದ ಪಶ್ಚಿಮದ ನ್ಯೂವೆ ವೆಸ್ಟನ್ ಬಡಾವಣೆಗೆ ಬಂದೆವು. 1940ರ ಮೇ 14ರ ಜರ್ಮನ್ ಬಾಂಬ್ ದಾಳಿಯಲ್ಲಿ ರೋಟರ್‌ಡ್ಯಾಮಿನ ನಡುಭಾಗ ಬೂದಿಯಾಯಿತು. ಉಳಿದುಕೊಂಡ ಹಳೆಯ ಬೀದಿಗಳಲ್ಲಿ ಇಲ್ಲಿಯವೂ ಸೇರಿವೆ. ಇಟ್ಟಿಗೆಯ ಮನೆಗಳು ಒಂದರ ಹೆಗಲಿಗೆ ಒಂದು ಹೆಗಲು ಕೊಟ್ಟು ಸಾಲಾಗಿ ನಿಂತಿವೆ. ಹತ್ತಿರದಲ್ಲೇ ಓಪ್‌ಜೋಮರ್ ಎಂಬ ಹೆಸರಿನ ಬೀದಿಯಿದೆ. 1989ರಲ್ಲಿ ಅಲ್ಲಿಯ ನಿವಾಸಿಗಳು ನಗರಸಭೆಯ ದಾರಿ ಕಾಯದೆ ತಾವೇ ಪೊರಕೆ ಹಿಡಿದು ಬೀದಿಯನ್ನು ನೆಟ್ಟಗೆ ಮಾಡಿಕೊಂಡರಂತೆ. ಆಮೇಲೆ ಬೀದಿಯ ಹೆಸರೇ ಕ್ರಿಯಾಪದವಾಯಿತು. ಇಂದಿಗೂ ರೋಟರ್‌ಡ್ಯಾಮಿನಲ್ಲಿ ನೆರೆಯವರೆಲ್ಲ ಸೇರಿ ಬೀದಿ ಗುಡಿಸಿ, ಹೂಕುಂಡ ಇಟ್ಟು, ಮೇಜು ಹಾಕಿ ಉಂಡರೆ ಅದಕ್ಕೆ "ಓಪ್‌ಜೋಮರನ್" ಎನ್ನುತ್ತಾರೆ. ನಗರಸಭೆ ಅದಕ್ಕೆಂದು ಒಂದಿಷ್ಟು ಹಣವನ್ನೂ ಕೊಡುತ್ತದೆ.

ಮನೆ ನೋಡಲು ಇಲ್ಲಿ ಕೊಡುವುದು ಇಪ್ಪತ್ತು ನಿಮಿಷ. ನಿಮ್ಮ ಹಿಂದೆ ಇನ್ನೊಂದು ಜೋಡಿ ಕೆಳಗೆ ಕಾಯುತ್ತಿರುತ್ತದೆ. ಸೀರೆ ಆರಿಸಲೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಕಟ್ಟಡ 1911ರದು, ಮನೆ 74 ಚದರ ಮೀಟರಿನದು. ಮುಂದಿನ ಕೋಣೆಗೂ ಹಿಂದಿನ ಕೋಣೆಗೂ ನಡುವೆ ಜಾರುವ ಜೋಡಿ ಬಾಗಿಲು, ಅದರಲ್ಲಿ ಸೀಸದ ಪಟ್ಟಿ ಕೂಡಿಸಿದ ಹಳದಿ ಹಸಿರು ಗಾಜು. ಹೆಂಡತಿ ಬಾಗಿಲನ್ನು ಎಳೆದಳು. ಅದು ಅರ್ಧಕ್ಕೆ ಸಿಕ್ಕಿಕೊಂಡು ಹಳೆಯ ತಿಜೋರಿಯಂತೆ ನರಳಿತು. ಮಧ್ಯಾಹ್ನದ ಬಿಸಿಲು ಗಾಜಿನೊಳಗಿಂದ ಹಾದು ಅವಳ ತೋಳಿನ ಮೇಲೆ ಹಸಿರಾಗಿ ಬಿದ್ದಿತ್ತು. ಅಲ್ಲಿಗೆ ಅವಳ ಮಟ್ಟಿಗೆ ವ್ಯಾಪಾರ ಮುಗಿಯಿತು.

ನನ್ನನ್ನು ಹಿಡಿದದ್ದು ಬೇರೆ. ಡಚ್ಚರ ಮನೆಯಲ್ಲಿ ಶೌಚಾಲಯದ ಗೋಡೆಗೆ ಹುಟ್ಟುಹಬ್ಬಗಳ ಕ್ಯಾಲೆಂಡರ್ ತೂಗುಹಾಕುವ ರೂಢಿ. ಅದರಲ್ಲಿ ವಾರವಿಲ್ಲ, ಇಸವಿಯಿಲ್ಲ. ತಿಂಗಳು, ದಿನಾಂಕ, ಮುಂದೆ ಹೆಸರು ಅಷ್ಟೆ. ಈ ಮನೆಯ ಒಡತಿ ಆ ವರ್ಷ ವಸಂತದಲ್ಲಿ ತೀರಿಕೊಂಡಿದ್ದರು, ಮಾರುತ್ತಿದ್ದವರು ಬೇರೆ ಊರುಗಳಲ್ಲಿದ್ದ ಮಕ್ಕಳು. ಕ್ಯಾಲೆಂಡರ್ ಮಾತ್ರ ಹಾಗೆಯೇ ಇತ್ತು. ನಡುಗುವ ಕೈಬರಹದ ಹೆಸರುಗಳು. ಕೆಲವಕ್ಕೆ ನೇರವಾದ ಒಂದು ಗೀಟು. ಸತ್ತವರ ಹೆಸರನ್ನು ಆಕೆ ಅಳಿಸಿರಲಿಲ್ಲ, ಗೀಟು ಎಳೆದಿದ್ದರು. ಮಾರ್ಚ್ 14ರ ಮುಂದೆ "ಮೊದಲ ಮಹಡಿ", ಅಕ್ಟೋಬರ್ 2ರ ಮುಂದೆ "ಕೆಳಗಿನವರು" ಎಂದು ಹೆಸರಿನ ಜೊತೆಗೇ ಬರೆದಿತ್ತು. ಇಪ್ಪತ್ತು ನಿಮಿಷದಲ್ಲಿ ಆರು ನಿಮಿಷ ನಾನು ಅಲ್ಲೇ ಕಳೆದೆ. ಹೊರಬಂದಾಗ ಬ್ರೋಕರಮ್ಮ ಹುಬ್ಬೇರಿಸಿದರು.

ಆಕೆ ನಮ್ಮ ಕಡೆಯ ಬ್ರೋಕರ್. ಇಲ್ಲಿ ಮಾರುವವರಿಗೊಬ್ಬ "ಮಾಕೆಲಾರ್" ಇದ್ದರೆ ಕೊಳ್ಳುವವರೂ ಬೇಕಾದರೆ ತಮ್ಮದೇ ಒಬ್ಬರನ್ನು ಇಟ್ಟುಕೊಳ್ಳಬಹುದು. ಮೊದಲ ಎರಡು ಮನೆಗಳಿಗೆ ನಾವೇ ಮನೆ ಮಾರಾಟದ ಫುಂಡಾ ಜಾಲತಾಣ ನೋಡಿ, ನಾವೇ ಬೆಲೆ ಹೇಳಿ, ನಾವೇ ಸೋತಿದ್ದೆವು. ಹರಾಜಿನಲ್ಲಿ ಎದುರಾಳಿ ಕಣ್ಣಿಗೆ ಕಾಣುತ್ತಾನೆ. ಇಲ್ಲಿ ಎಲ್ಲರೂ ಮುಚ್ಚಿದ ಲಕೋಟೆಯಲ್ಲಿ ಒಂದೇ ಸಲ ಬೆಲೆ ಕೊಡಬೇಕು, ಕೇಳಿದ ಬೆಲೆಗಿಂತ ಎಷ್ಟು ಮೇಲೆ ಎಂಬುದು ಕುರುಡನ ಲೆಕ್ಕ. ಬ್ಲೈಡೊರ್ಪ್ ಬಡಾವಣೆಯ ಒಂದು ಮನೆಗೆ 20 ಸಾವಿರ ಯೂರೋ ಹೆಚ್ಚು ಹೇಳಿ ಗೆದ್ದೇಬಿಟ್ಟೆವು ಅಂದುಕೊಂಡಿದ್ದೆವು. ಅದು ಹೋದದ್ದು 45 ಸಾವಿರ ಹೆಚ್ಚಿಗೆ.

ಬ್ರೋಕರಮ್ಮ ಗಾಜನ್ನೂ ನೋಡಲಿಲ್ಲ, ಕ್ಯಾಲೆಂಡರನ್ನೂ ನೋಡಲಿಲ್ಲ. ಬೀದಿಗಿಳಿದು, ರಸ್ತೆಯ ಆಚೆ ನಿಂತು, ಕಿಟಕಿಗಳ ಕೆಳಗಿನ ಇಟ್ಟಿಗೆಯ ಸಾಲು ಮಟ್ಟವಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದರು. "ನೀವು ನೋಡಬೇಕಾದದ್ದು ಮೇಲಲ್ಲ, ಕೆಳಗೆ" ಎಂದರು.

ರೋಟರ್‌ಡ್ಯಾಮಿನ ಬಹುಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಮಣ್ಣೆಂದರೆ ಜೇಡಿ ಮತ್ತು ಕೊಳೆತ ಸಸ್ಯದ ಮೆತ್ತನೆಯ ಪದರ. ಗಟ್ಟಿ ಮರಳು ಸಿಗುವುದು ಹದಿನೈದಿಪ್ಪತ್ತು ಮೀಟರ್ ಆಳದಲ್ಲಿ. ಅದಕ್ಕೇ ಹಳೆಯ ಮನೆಗಳನ್ನು ಉದ್ದುದ್ದ ಮರದ ಕಂಬಗಳನ್ನು ಹೊಡೆದು ಅವುಗಳ ತಲೆಯ ಮೇಲೆ ಕೂರಿಸಿದ್ದಾರೆ. ಆಮ್‌ಸ್ಟರ್‌ಡ್ಯಾಮಿನ ಅರಮನೆ ನಿಂತಿರುವುದು ಇಂಥ 13,659 ಕಂಬಗಳ ಮೇಲೆ ಎಂದು ಇಲ್ಲಿಯ ಶಾಲೆಯ ಮಕ್ಕಳೂ ಹೇಳುತ್ತಾರೆ. ಕಂಬ ಅಂತರ್ಜಲದಲ್ಲಿ ಮುಳುಗಿರುವಷ್ಟು ಕಾಲ ಚಿಂತೆಯಿಲ್ಲ. ಮಲೆನಾಡಿನ ಸಾಗರದ ಕಡೆ ಬಾವಿಯ ತಳಕ್ಕೆ ನೆಲ್ಲಿಮರದ ತುಂಡು ಹಾಕುವುದನ್ನು ಕಂಡವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಕುತ್ತು ಬರುವುದು ನೀರು ಇಳಿದಾಗ. ಒಡೆದ ಹಳೆಯ ಚರಂಡಿ ಕೊಳವೆ ಅಂತರ್ಜಲವನ್ನು ಬಸಿದುಕೊಂಡರೂ ಸಾಕು, ಬೇಸಿಗೆ ಒಣಗಿದರೂ ಸಾಕು, ಕಂಬದ ತಲೆಗೆ ಗಾಳಿ ತಾಗಿ ಬೂಷ್ಟು ಹಿಡಿಯುತ್ತದೆ, ಮನೆ ಕೂರತೊಡಗುತ್ತದೆ. ಅಡಿಪಾಯ ಬದಲಿಸುವುದೆಂದರೆ ಕೆಳಗಿನ ಮನೆಯ ನೆಲವನ್ನೆಲ್ಲ ಅಗೆದು ಹೊಸ ಉಕ್ಕಿನ ಕಂಬ ಇಳಿಸಬೇಕು. ಒಂದು ಕಟ್ಟಡಕ್ಕೆ ಲಕ್ಷ ಯೂರೋ ದಾಟಿದರೂ ಆಶ್ಚರ್ಯವಿಲ್ಲ ಎಂದರು ಬ್ರೋಕರಮ್ಮ. ಪಕ್ಕದ ಮನೆಗೂ ನಮಗೂ ನಡುಗೋಡೆ ಒಂದೇ, ಅದರ ಕೆಳಗಿನ ಕಂಬಗಳೂ ಒಂದೇ. ಆದ್ದರಿಂದ ಒಬ್ಬರೇ ರಿಪೇರಿ ಮಾಡಿಸುತ್ತೇವೆ ಎಂದರೆ ಆಗುವುದಿಲ್ಲ. ನೆರೆಯವರ ಜೊತೆ ಮಾತು ಬಿಟ್ಟವನು ಇಲ್ಲಿ ಅಡಿಪಾಯವನ್ನೂ ಬಿಡಬೇಕು.

ನಮ್ಮ ಕಟ್ಟಡಕ್ಕೆ 2006ರಲ್ಲಿ ಪರೀಕ್ಷೆಯಾಗಿತ್ತು, "ಇನ್ನು 25 ವರ್ಷ ತೊಂದರೆಯಿಲ್ಲ" ಎಂಬ ವರದಿ ಸಿಕ್ಕಿತು. ಹದಿನೆಂಟು ವರ್ಷ ಆಗಲೇ ಕಳೆದಿತ್ತು. ಉಳಿದ ಏಳು ವರ್ಷವನ್ನು ಹಿಡಿದುಕೊಂಡು ಎರಡು ರಾತ್ರಿ ವಾದ ಮಾಡಿದೆವು.

ಜೊತೆಗೆ ಒಡೆಯರ ಸಂಘದ ಕಾಗದಪತ್ರ. ಡಚ್ಚಿನಲ್ಲಿ ಅದರ ಹೆಸರಿನ ಮೂರಕ್ಷರ ಹೇಳಿದರೆ "ವೇ ವೇ ಏ". ಒಂದು ಕಟ್ಟಡ ಮನೆಗಳಾಗಿ ಹಂಚಿಹೋದರೆ ಒಡೆಯರೆಲ್ಲ ತಾವಾಗಿಯೇ ಸಂಘದ ಸದಸ್ಯರು. ಬೇಡ ಎಂದು ಹೊರಗುಳಿಯುವಂತಿಲ್ಲ. 2018ರಿಂದ ಈಚೆಗೆ ದುರಸ್ತಿಗೆಂದು ಹಣ ಕೂಡಿಡಲೇಬೇಕೆಂದು ಕಾನೂನು ಬಂದಿದೆ: ಒಂದೋ ಮುಂದಿನ ಹತ್ತು ವರ್ಷದ ದುರಸ್ತಿ ಯೋಜನೆಯ ಪ್ರಕಾರ, ಇಲ್ಲವೇ ಕಟ್ಟಡವನ್ನು ಮರಳಿ ಕಟ್ಟಲು ತಗಲುವ ವೆಚ್ಚದ ಶೇ 0.5ರಷ್ಟು ವರ್ಷಕ್ಕೆ. ಮೂರೇ ಮನೆಗಳಿರುವ ನಮ್ಮಂಥ ಪುಟ್ಟ ಸಂಘಗಳಲ್ಲಿ ಎಷ್ಟೋ ಗಾಢ ನಿದ್ರೆಯಲ್ಲಿರುತ್ತವೆ. ಅವಕ್ಕೆ "ಮಲಗಿರುವ ಸಂಘ" ಎಂದೇ ಹೆಸರು. ನಮ್ಮದು ಮಲಗಿರಲಿಲ್ಲ, ತೂಕಡಿಸುತ್ತಿತ್ತು. ಯೋಜನೆ ಇಲ್ಲ. ಬ್ಯಾಂಕಿನಲ್ಲಿ 4,100 ಯೂರೋ. ತಿಂಗಳಿಗೆ ತಲಾ 60. ಆದರೆ ಕೆಳಮನೆಯವರು, ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು, 1990ರ ದಶಕದಿಂದಲೂ ಪ್ರತಿ ರಸೀದಿಯನ್ನು ತೂತು ಹೊಡೆದು ನೀಲಿ ಕಡತದಲ್ಲಿ ಪೋಣಿಸಿಟ್ಟಿದ್ದರು. ಕಡತವನ್ನು ನೋಡಿದ ಬ್ರೋಕರಮ್ಮ "ಹಣ ಕಡಿಮೆ, ಮನುಷ್ಯ ಗಟ್ಟಿ" ಎಂದು ತೀರ್ಪು ಕೊಟ್ಟರು.

ಕೇಳಿದ ಬೆಲೆ 3 ಲಕ್ಷ 65 ಸಾವಿರ. ನಾವು 3 ಲಕ್ಷ 91 ಸಾವಿರ ಹೇಳಿದೆವು. ಸಾಲ ಸಿಗದಿದ್ದರೆ, ಕಟ್ಟಡ ತಪಾಸಣೆಯಲ್ಲಿ ದೊಡ್ಡ ದೋಷ ಕಂಡರೆ ಹಿಂದೆ ಸರಿಯುವ ಎರಡು ಷರತ್ತುಗಳನ್ನು ಉಳಿಸಿಕೊಂಡೆವು. ಗೆಲ್ಲುವ ಆತುರದಲ್ಲಿ ಅದನ್ನೂ ಬಿಡುವವರಿದ್ದಾರೆ. ನಾನು ಬಿಡಲಿಲ್ಲ, ಸಾಲಕ್ಕೆ ಹೆದರುವ ಮನೆಯಲ್ಲಿ ಹುಟ್ಟಿದವನು. ಎರಡು ದಿನದ ನಂತರ ಫೋನ್ ಬಂತು. ನಮ್ಮದು ಎರಡನೆಯ ದೊಡ್ಡ ಬೆಲೆಯಂತೆ. ಮೊದಲನೆಯವರು ಸಂಘದ ಕಾಗದ ಓದಿ ಕಾಲ್ತೆಗೆದಿದ್ದರು. ವ್ಯವಹಾರ ಮುಗಿದ ಮೇಲೆ ಬೆಲೆಗಳ ದಾಖಲೆಯನ್ನು ನೋಡುವ ಅವಕಾಶವಿದೆ, ನೋಡಿದೆವು: ಒಟ್ಟು ಹನ್ನೊಂದು.

ಕರಾರು ಪತ್ರದಲ್ಲಿ ಮೂರು ಕಲಮುಗಳಿದ್ದವು, ಅವುಗಳ ಮೇಲೆ ನನಗೆ ಈಗಲೂ ಸಿಟ್ಟಿದೆ. ಮನೆ ನೂರು ವರ್ಷ ದಾಟಿದೆ, ಹೊಸ ಮನೆಯ ಗುಣ ಬಯಸಬೇಡಿ ಎಂಬುದು ಒಂದು. 1993ಕ್ಕೆ ಮೊದಲಿನ ಕಟ್ಟಡವಾದ್ದರಿಂದ ಆಸ್ಬೆಸ್ಟಾಸ್ ಇದ್ದರೂ ಇರಬಹುದು ಎಂಬುದು ಇನ್ನೊಂದು. ಮಾರುವವರು ಇಲ್ಲಿ ವಾಸವಿರಲಿಲ್ಲ, ಹಾಗಾಗಿ ದೋಷಗಳ ಬಗ್ಗೆ ಅವರಿಗೇನೂ ಗೊತ್ತಿಲ್ಲ ಎಂಬುದು ಮೂರನೆಯದು. ಮೂರನ್ನೂ ಕೂಡಿಸಿದರೆ: ಎಮ್ಮೆ ನೀರಿನಲ್ಲಿದೆ, ಕೋಡು ನೋಡಿ ಕೊಳ್ಳಿ. ಇಂಥ ಕಲಮು ಹಳೆಯ ಮನೆಗಳಿಗೆಲ್ಲ ಸಾಮಾನ್ಯ, ಬರೆಯುವವರ ತಪ್ಪೇನೂ ಇಲ್ಲ. ಆದರೂ ಸಿಟ್ಟಿದೆ.

ಸಹಿ ಮಾಡಿದ ಮೇಲೆ ಕೊಳ್ಳುವವನಿಗೆ ಮೂರು ದಿನದ ಮರುಚಿಂತನೆಯ ಅವಕಾಶ ಕಾನೂನೇ ಕೊಡುತ್ತದೆ. ಕಾರಣ ಹೇಳದೆ, ದಂಡ ಕೊಡದೆ ಬಿಟ್ಟುಬಿಡಬಹುದು. ಎರಡನೆಯ ರಾತ್ರಿ ಒಂದೂವರೆಗೆ ಎದ್ದು ಕೂತೆ. ಮರದ ಕಂಬಗಳು ತಲೆಯಲ್ಲಿ ಸಾಲಾಗಿ ನಿಂತಿದ್ದವು. ಊರಿನಲ್ಲಿ ಬೆಳಗಾಗಿತ್ತು, ಅಪ್ಪನಿಗೆ ಫೋನ್ ಮಾಡಿ ಮೆಟ್ಟಿಲಿನ ಫೋಟೊ ಕಳಿಸಿದೆ. "ಇದು ಮೆಟ್ಟಿಲೋ, ಅಟ್ಟದ ಏಣಿಯೋ?" ಎಂದರು. ಕಂಬದ ಸಂಗತಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೂರು ವರ್ಷ ನಿಂತಿದೆಯಲ್ಲ. ನೆರೆಯವರು ಹೇಗೆ?" ಎಂದು ಕೇಳಿದರು. ಹಗ್ಗ ಎಳೆದ ಅಜ್ಜಿಯ ಕಥೆ ಹೇಳಿದೆ. "ಹಾಗಾದರೆ ಮಲಗು" ಎಂದರು.

ಹಣದ ಮಾತು ಬೇಗ ಮುಗಿಸುತ್ತೇನೆ, ನೆನೆದರೆ ಹೊಟ್ಟೆ ಉರಿಯುತ್ತದೆ. ಇಲ್ಲಿ ಬ್ಯಾಂಕು ಮನೆಯ ಪೂರ್ತಿ ಬೆಲೆಗೆ ಸಾಲ ಕೊಡುತ್ತದೆ ಎಂದು ಭಾರತದ ಗೆಳೆಯರು ಹೊಟ್ಟೆಕಿಚ್ಚು ಪಡುತ್ತಾರೆ. ಕೊಡುವುದು ಮೌಲ್ಯಮಾಪಕ ಬರೆದ ಬೆಲೆಗೆ, ನಾವು ಕೂಗಿದ ಬೆಲೆಗಲ್ಲ. ಆತ 3 ಲಕ್ಷ 78 ಸಾವಿರ ಎಂದು ಬರೆದ. ಮೇಲಿನ 13 ಸಾವಿರ ನಮ್ಮ ಜೇಬಿನಿಂದ. ಆಸ್ತಿ ವರ್ಗಾವಣೆ ತೆರಿಗೆ ಶೇ 2. ಮೂವತ್ತೈದು ತುಂಬದವರಿಗೆ ಜೀವನದಲ್ಲಿ ಒಮ್ಮೆ ಅದರಿಂದ ವಿನಾಯಿತಿ. 2024ರಲ್ಲಿ ಮನೆಯ ಬೆಲೆ 5 ಲಕ್ಷ 10 ಸಾವಿರ ಮೀರಿರಬಾರದಿತ್ತು. ಹೆಂಡತಿಗೆ 33, ನನಗೆ 36. ಹೀಗಾಗಿ ಅವಳ ಅರ್ಧ ಮನೆಗೆ ತೆರಿಗೆಯಿಲ್ಲ, ನನ್ನ ಅರ್ಧಕ್ಕೆ 3,910 ಯೂರೋ. ಜಾರುವ ಬಾಗಿಲಿನ ಆಚೆಯದು ತನ್ನ ಭಾಗ, ಅದು ಸೋವಿ ಎಂದು ಅವಳು ಈಗಲೂ ಅಣಕಿಸುತ್ತಾಳೆ. ಬ್ರೋಕರಮ್ಮ, ಸಾಲದ ಸಲಹೆಗಾರ, ತಪಾಸಣೆ, ನೋಟರಿ, ಸರ್ಕಾರಿ ಸಾಲ ಖಾತರಿಯ ಶುಲ್ಕ ಎಲ್ಲ ಸೇರಿ ಕೈಯಿಂದ ಹೋದದ್ದು ಹತ್ತಿರ ಹತ್ತಿರ 29 ಸಾವಿರ.

ನವೆಂಬರಿನ ಒಂದು ಬೆಳಗ್ಗೆ ಖಾಲಿ ಮನೆಗೆ ಹೋಗಿ ಗ್ಯಾಸ್, ವಿದ್ಯುತ್, ನೀರಿನ ಮೀಟರು ಬರೆದುಕೊಂಡೆವು. ಮಕ್ಕಳು ಎಲ್ಲವನ್ನೂ ಸಾಗಿಸಿದ್ದರು, ಕ್ಯಾಲೆಂಡರ್ ಒಂದನ್ನು ಬಿಟ್ಟು. ಮರೆತರೋ, ಬೇಕೆಂದೇ ಬಿಟ್ಟರೋ ಕೇಳಲಿಲ್ಲ.

ಅಲ್ಲಿಂದ ನೋಟರಿಯ ಕಚೇರಿಗೆ. ನಮ್ಮಲ್ಲಿ ನೋಟರಿ ಎಂದರೆ ನ್ಯಾಯಾಲಯದ ಮುಂದೆ ಛತ್ರಿ ಕೆಳಗೆ ಮೊಹರು ಒತ್ತುವವರು ನೆನಪಾಗುತ್ತಾರೆ. ಇಲ್ಲಿಯ ನೋಟರಿ ದೊಡ್ಡ ಮನುಷ್ಯ. ಇಡೀ ಹಣ ಹಾದುಹೋಗುವುದು ಅವರ ಖಾತೆಯ ಮೂಲಕ, ಭೂದಾಖಲೆಯಲ್ಲಿ ನಮ್ಮ ಹೆಸರು ಏರಿಸುವವರೂ ಅವರೇ. ಹೆಂಡತಿಯ ಡಚ್ ಕಾಯಿಪಲ್ಲೆ ಕೊಳ್ಳುವಷ್ಟು ಮಾತ್ರವಾದ್ದರಿಂದ ಪ್ರಮಾಣೀಕೃತ ದುಭಾಷಿಯೊಬ್ಬರು ಪಕ್ಕದಲ್ಲಿ ಕೂತು ಇಂಗ್ಲಿಷಿಗೆ ತಿರುಗಿಸುತ್ತಿದ್ದರು. ನೋಟರಿ ಓದುತ್ತಾ ಹೋದರು: ನೀವು ಕೊಳ್ಳುತ್ತಿರುವುದು ಎರಡನೆಯ ಮಹಡಿಯನ್ನಲ್ಲ, ಕಟ್ಟಡ ಮತ್ತು ನೆಲದ ಮೂರನೇ ಒಂದು ಅವಿಭಕ್ತ ಪಾಲನ್ನು, ಅದರ ಜೊತೆ ಎರಡನೆಯ ಮಹಡಿಯನ್ನು ನೀವೊಬ್ಬರೇ ಬಳಸುವ ಹಕ್ಕನ್ನು. ದುಭಾಷಿ ಆ ಮಾತಿಗೆ ಬಂದಾಗ ನಾನು ಹೆಂಡತಿಯ ಮುಖ ನೋಡಿದೆ. ನಾನು ಹತ್ತನೆಯ ತರಗತಿಯಲ್ಲಿದ್ದಾಗ ಅಪ್ಪ ಮತ್ತು ಚಿಕ್ಕಪ್ಪ ಪಾಲಾದವರು. ಪಂಚರು ಜಗಲಿಯ ನಡುವೆ ಸುಣ್ಣದ ಗೆರೆ ಎಳೆದು, ಮಾರನೆಯ ದಿನ ಅಲ್ಲಿ ಮಣ್ಣಿನ ಗೋಡೆ ಎದ್ದಿತ್ತು. ಅಂಥ ಮನೆಯಿಂದ ಹೊರಟವನು ಇಷ್ಟು ದೂರ ಬಂದು ಕ್ರೇನಿನ ಮುದುಕ ಮತ್ತು ಹಗ್ಗದ ಅಜ್ಜಿಯ ಜೊತೆ ಅವಿಭಕ್ತನಾಗುತ್ತಿದ್ದೆ, ಅದೂ ಮೂವತ್ತು ವರ್ಷದ ಸಾಲದ ಮೇಲೆ.

ಮೊದಲ ಮಹಡಿಯವರನ್ನು ಬೀದಿಯೆಲ್ಲ "ತಾಂತೆ" ಎನ್ನುತ್ತದೆ, ಅತ್ತೆಯೋ ಚಿಕ್ಕಮ್ಮನೋ ಎಂದ ಹಾಗೆ. ದಕ್ಷಿಣ ಅಮೆರಿಕದಲ್ಲಿ ಡಚ್ಚರ ವಸಾಹತಾಗಿದ್ದ ಸುರಿನಾಮಿನವರು, ಆ ದೇಶ ಸ್ವತಂತ್ರವಾದ 1975ರಲ್ಲಿ ಇಲ್ಲಿಗೆ ಬಂದವರು. 1873ರಲ್ಲಿ ಕಲ್ಕತ್ತೆಯಿಂದ ಲಲ್ಲಾ ರೂಖ್ ಎಂಬ ಹಡಗು ಹೊರಟ ಮೇಲೆ ಕಬ್ಬಿನ ತೋಟಗಳಿಗೆ ಕೂಲಿಯಾಗಿ ಹೋದ ಸಾವಿರಾರು ಜನರಲ್ಲಿ ಅವರ ಹಿರಿಯರೊಬ್ಬರು ಇದ್ದರು. ಬಸ್ತಿ ಜಿಲ್ಲೆ ಎಂದು ಬರೆದ ಕಾಗದದ ನಕಲನ್ನು ತಾಂತೆ ತಟ್ಟೆಗಳ ಕಪಾಟಿನಲ್ಲಿಟ್ಟಿದ್ದಾರೆ. ಮೊದಲ ದಿನ ಕೇಳಿದ್ದು ಸರ್ನಾಮಿ ಭಾಷೆಯಲ್ಲಿ, "ಎಲ್ಲಿಯವರು?" ಎಂದು. ಕನ್ನಡ ಎಂದರೆ ಅವರಿಗೆ ಕೆನಡಾ. ತಿದ್ದಿ ಸಾಕಾಗಿ ಬಿಟ್ಟಿದ್ದೇನೆ. ಹಾಗಲಕಾಯಿ, ಮೊಳದುದ್ದದ ಅಲಸಂದೆ ವೆಸ್ಟ್ ಕ್ರೌಸ್‌ಕಾಡೆ ಬೀದಿಯ ಯಾವ ಅಂಗಡಿಯಲ್ಲಿ ಎಳೆಯದು ಸಿಗುತ್ತದೆ ಎಂದು ತೋರಿಸಿಕೊಟ್ಟವರು ಅವರೇ. ನಾವು ಹಾಲು ಉಕ್ಕಿಸಿದ ದಿನ ಹೊಗೆಯ ಎಚ್ಚರಿಕೆ ಗಂಟೆ ಕಿರುಚಿಕೊಂಡಾಗ ಮೊದಲು ಮೇಲೆ ಬಂದವರೂ ಅವರೇ. ಉಕ್ಕಿದ ಹಾಲು ಕಂಡು ಕೈಮುಗಿದು, ಕುರ್ಚಿ ಹತ್ತಿ ಗಂಟೆಯ ಬಾಯಿ ಮುಚ್ಚಿಸಿದರು. ಮಾರ್ಚ್ 14ಕ್ಕೆ ರವೆ ಉಂಡೆ ಕೊಂಡುಹೋದೆವು. ಹೇಗೆ ತಿಳಿಯಿತು ಎಂದು ಕೇಳಿದರು. ಕ್ಯಾಲೆಂಡರ್ ಎಂದೆ. ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತು, ಆಮೇಲೆ ಒಳಗೆ ಕರೆದರು.

2025ರ ಏಪ್ರಿಲಿನಲ್ಲಿ ಗುಂಡಿ ತೋಡಿಸಿದೆವು. ಉಳಿದ ಆರೇಳು ವರ್ಷವನ್ನು ನಂಬಿ ಕೂರುವುದು ನನ್ನಿಂದಾಗಲಿಲ್ಲ. ಕ್ರೇನಿನವರು ನೀಲಿ ಕಡತ ಕಂಕುಳಲ್ಲಿಟ್ಟುಕೊಂಡು ಎಡಬಲದ ಮನೆಗಳ ಬಾಗಿಲು ತಟ್ಟಿದರು. ಮೂರು ಕಟ್ಟಡ ಸೇರಿ ವೆಚ್ಚ ಹಂಚಿಕೊಳ್ಳುವುದೆಂದಾಯಿತು. ಅವರ ಹಿತ್ತಲಲ್ಲೇ ಆಳೆತ್ತರ ಅಗೆದರು, ಪಂಪು ಇಟ್ಟು ಕಪ್ಪು ನೀರು ಎತ್ತಿದರು. ತಳದಲ್ಲಿ ಕಂಬದ ತಲೆ ಕಂಡಿತು: ನನ್ನ ತೊಡೆಗಿಂತ ದಪ್ಪ, ಒದ್ದೆ ಕಾಫಿ ಪುಡಿಯ ಬಣ್ಣ. ನೂರಹದಿನಾಲ್ಕು ವರ್ಷದ ಹಿಂದೆ ಯಾರೋ ಕೊಡಲಿಯಿಂದ ಕೆತ್ತಿದ ಗುರುತು ಇನ್ನೂ ಹರಿತವಾಗಿತ್ತು. ತಂತ್ರಜ್ಞ ಒಂದು ಉಪಕರಣ ಒತ್ತಿ ಹಿಡಿದು ಮೊಳೆಯಂಥದನ್ನು ಕಂಬಕ್ಕೆ ಹೊಡೆದ. ಎಷ್ಟು ಮಿಲಿಮೀಟರ್ ಒಳಗೆ ಹೋಯಿತು ಎಂಬುದೇ ಮರದ ಜಾತಕ. ಮೇಲಿನಿಂದ ತಾಂತೆ ಕಿಟಕಿಯಲ್ಲಿ, ಎಡದ ಮನೆಯ ಮೊರಾಕ್ಕೊ ಮೂಲದ ದಂಪತಿ ಬೇಲಿಯ ಬಳಿ, ಬಲದ ಮನೆಯ ವಿದ್ಯಾರ್ಥಿಗಳು ಬಾಲ್ಕನಿಯಲ್ಲಿ. ಹೆರಿಗೆ ಕೋಣೆಯ ಹೊರಗೆ ಕಾದಂತೆ ಕಾದೆವು. ಹೊರಮೈ ಒಂದಿಷ್ಟು ಮೆತ್ತಗಾಗಿದೆ, ಒಳಗೆ ಗಟ್ಟಿ. ನೀರು ಕಂಬದ ತಲೆಯಿಂದ ಒಂದು ಗೇಣು ಮೇಲಿದೆ. ಲಿಖಿತ ವರದಿ ಆರು ವಾರದ ಮೇಲೆ ಬಂತು: ಮತ್ತೆ 25 ವರ್ಷ.

ಜೂನಿನಲ್ಲಿ ಸಂಘದ ವಾರ್ಷಿಕ ಸಭೆ, ತಾಂತೆಯ ಅಡುಗೆಮನೆಯ ಮೇಜಿನ ಸುತ್ತ. ಎಂಟೂವರೆಗೆ ಕಾಫಿ, ಒಬ್ಬೊಬ್ಬರಿಗೆ ಒಂದೇ ಬಿಸ್ಕತ್ತು. ಆಮೇಲೆ ತಾಂತೆ ಡಚ್ ಶಿಷ್ಟಾಚಾರಕ್ಕೆ ತಿಲಾಂಜಲಿ ಕೊಟ್ಟು ಬಾರಾ ಎಂಬ ಸುರಿನಾಮಿ ವಡೆ ತಂದಿಟ್ಟರು. ತಿಂಗಳ ಕಂತನ್ನು 60ರಿಂದ 110ಕ್ಕೆ ಏರಿಸಲು ಯಾರದೂ ತಕರಾರಿಲ್ಲ. ಹತ್ತು ವರ್ಷದ ಯೋಜನೆ ಮಾಡಿಸಲು ಒಪ್ಪಿಗೆ. ಬೀದಿಯಿಂದ ಬರುವ ನೀರಿನ ಕೊಳವೆ ಸೀಸದ್ದಾಗಿದ್ದರೆ ಬದಲಿಸುವುದಕ್ಕೂ ಒಪ್ಪಿಗೆ. "ನೀನು ಕಂಪ್ಯೂಟರಿನವನು" ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಖಜಾಂಚಿ ಮಾಡಿ ನೀಲಿ ಕಡತವನ್ನು ನನ್ನ ಮುಂದೆ ತಳ್ಳಿದರು.

ಕೊನೆಯ ವಿಷಯ ಹಗ್ಗ. ಸವೆದು ಎಳೆ ಬಿಟ್ಟುಕೊಂಡಿತ್ತು, ಹೊಸದು ಬೇಕು, 12 ಯೂರೋ. ಮೂರು ಪಾಲು, ತಲಾ ನಾಲ್ಕು ಎಂದು ಬರೆಯಹೊರಟೆ. ಕ್ರೇನಿನವರು ಕೈ ಎತ್ತಿದರು. ಕೆಳಮನೆಗೆ ಪ್ರತ್ಯೇಕ ಬಾಗಿಲಿದೆ, ಮೆಟ್ಟಿಲು ತಮಗೆ ಬೇಕಿಲ್ಲ, ಹಗ್ಗ ಮೆಟ್ಟಿಲಿನ ಭಾಗ ಎಂದರು. ಹಗ್ಗ ಕಟ್ಟಿರುವುದು ಬಾಗಿಲಿಗೆ, ಬಾಗಿಲು ಮುಂಗೋಡೆಯಲ್ಲಿದೆ, ಮುಂಗೋಡೆ ಮೂವರದೂ ಎಂದರು ತಾಂತೆ. ಲಕ್ಷದ ಅಡಿಪಾಯಕ್ಕೆ ಹತ್ತು ನಿಮಿಷ ಮಾತಾಡಿದ ಸಭೆ ಹಗ್ಗಕ್ಕೆ ಅರ್ಧ ಗಂಟೆ ತೆಗೆದುಕೊಂಡಿತು. ಕಡೆಗೆ ಕ್ರೇನಿನವರು ನನ್ನ ಕೈಯಿಂದಲೇ ಕಡತ ಕಸಿದುಕೊಂಡು, ಕನ್ನಡಕ ಏರಿಸಿ, ಕಟ್ಟಡವನ್ನು ಮನೆಗಳಾಗಿ ಹಂಚಿದ ವಿಭಾಗ ಪತ್ರದ ಕಲಮನ್ನು ಗಟ್ಟಿಯಾಗಿ ಓದಿದರು: ಮೆಟ್ಟಿಲು ಮತ್ತು ಅದಕ್ಕೆ ಸೇರಿದ್ದೆಲ್ಲ ಮೇಲಿನ ಎರಡು ಮನೆಗಳ ಖರ್ಚು. ತಾಂತೆ ವಡೆಯ ತಟ್ಟೆಯನ್ನು ಅವರ ಮುಂದಿನಿಂದ ನನ್ನ ಕಡೆಗೆ ಸರಿಸಿದರು. ಹಗ್ಗ 12 ಯೂರೋ, ಇಬ್ಬರಿಗೆ ಆರಾರು ಎಂದು ನಾನು ಬರೆದುಕೊಂಡೆ.